ಗೋಳಿಮರಕ್ಕೆ ಸಿಕ್ಕ ಗಿರಾಕಿ

ಒಳ್ಳೆಯ ಮಾಲನ್ನು ಮೊದಲೇ ತೋರಿಸುವವನು ವ್ಯಾಪಾರಿಯಲ್ಲ, ದಾನಿ. ಪರ್ಕಳದಲ್ಲಿ ಹಳೆಯ ಮಂಚ, ಮೇಜು, ಕಪಾಟುಗಳ ಅಂಗಡಿ ಇಟ್ಟು, ಮಣಿಪಾಲಕ್ಕೆ ಓದಲು ಬಂದವರ ಬಾಡಿಗೆ ಕೋಣೆಗಳನ್ನು ತುಂಬಿಸಿಯೇ ಸ್ವಂತ ಮನೆ ಕಟ್ಟಿದವನು ನಾನು. ನನ್ನ ಮಾತನ್ನು ನಂಬಬಹುದು. ಗಿರಾಕಿ ಬಂದರೆ ಮೊದಲು ಕಿರುಗುಟ್ಟುವ ಮಂಚ ತೋರಿಸಬೇಕು, ಆಮೇಲೆ ಸುಮಾರಾದದ್ದು, ಕೊನೆಗೆ ಹಲಸಿನ ಮರದ್ದು. ಆಗ ಅವನ ಕಣ್ಣು ತಾನಾಗಿ ಅರಳುತ್ತದೆ. ಸೈಟು ಮಾರುವವರಿಗೂ ಬಾಡಿಗೆ ಮನೆ ತೋರಿಸುವವರಿಗೂ ನಾನು ಹೇಳುವುದು ಇದನ್ನೇ. ಕೇಳದಿದ್ದರೂ ಹೇಳುತ್ತೇನೆ.

ಈ ಉಪಾಯವನ್ನು ಕಾಡಿನ ತನಕ ಕೊಂಡುಹೋದದ್ದು ಭಾವ ಸದಾನಂದನ ದೆಸೆಯಿಂದ. ಅವನು ನನ್ನ ಹೆಂಡತಿ ವಾರಿಜಳ ಅಣ್ಣ, ನನ್ನದೇ ಪ್ರಾಯ, ದುಬೈಯಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ನಮ್ಮ ಊರಿನದ್ದನ್ನು ಅಲ್ಲಿನದಕ್ಕೆ ಹೋಲಿಸಿ ಸಣ್ಣದು ಮಾಡುವುದು ಅವನ ಅಭ್ಯಾಸ. ಕಾಪುವಿನ ದೀಪಸ್ತಂಭ ತೋರಿಸಿದರೆ, ಅವನ ಕಟ್ಟಡದ ಲಿಫ್ಟು ಅರ್ಧ ದಾರಿಯಲ್ಲೇ ಅದಕ್ಕಿಂತ ಮೇಲಿರುತ್ತದಂತೆ. ಕಾರ್ಕಳದ ಗೊಮ್ಮಟನ ಎದುರು ಮಾತ್ರ ಸುಮ್ಮನಿದ್ದ; ಅದು ಭಕ್ತಿಯಿಂದಲೋ ಬಿಸಿಲಿನಿಂದಲೋ ತಿಳಿಯಲಿಲ್ಲ. ಈ ಸಲ ಅವನ ಬಾಯಿಂದ ‘ದೊಡ್ಡದು’ ಎಂಬ ಒಂದು ಮಾತು ಹೊರಡಿಸಿಯೇ ಕಳಿಸಬೇಕೆಂದು ಹಟ ತೊಟ್ಟೆ. ಅದಕ್ಕೆ ನನ್ನ ಹತ್ತಿರ ಉಳಿದಿದ್ದದ್ದು ಒಂದೇ ಮಾಲು: ಕಾರ್ಕಳದಾಚೆ ಘಟ್ಟದ ಬುಡದ ಕಾಡಿನಲ್ಲಿರುವ, ಆಲದ ಜಾತಿಯ ಹಳೆಯ ಗೋಳಿಮರ.

ಅರಣ್ಯದವರ ಒಪ್ಪಿಗೆ ಪಡೆದು, ಜಿಗಣೆ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ವಾರಿಜಳೂ ಸೇರಿ ಮೂವರೂ ಹೊರಟೆವು. ನೇರ ಕರೆದೊಯ್ಯುವುದು ನನ್ನ ಜಾಯಮಾನವೇ ಅಲ್ಲ. ಮೊದಲು ಒಂದು ಬಡಕಲು ಗೋಳಿಯ ಎದುರು ನಿಲ್ಲಿಸಿದೆ. ಭಾವ ಮೂಗು ಮುರಿದ. ನನಗೆ ಒಳಗೊಳಗೇ ಖುಷಿ. ಸ್ವಲ್ಪ ಮುಂದೆ ನೀರು ಹರಿಯುವ ತೋಡಿನ ಬದಿಯ ಎರಡನೆಯದನ್ನು ತೋರಿಸಿದೆ. ಅಲ್ಲಿ ಕೆಲಸ ಕೆಟ್ಟಿತು. ಭಾವ ಬೇರಿನ ಮೇಲೆ ಕುಳಿತು ಬೆವರು ಒರೆಸಿ, ಮರದ ಜೊತೆ ತನ್ನ ಫೋಟೋ ತೆಗೆದುಕೊಂಡು, “ಸಾಕು ಭಾವ. ಮರ ಉಂಟು, ನೋಡಿ ಆಯ್ತು. ಇನ್ನು ಹಿಂದೆ ಹೋಗುವ” ಎಂದ.

ಇದು ಅದಲ್ಲ ಎಂದೆ. ಇದೂ ಒಂದು ಮರವಾ, ಇದಕ್ಕಿಂತ ನಮ್ಮ ಪೇಟೆಯ ಬಸ್ಸು ನಿಲ್ಲುವಲ್ಲಿರುವುದೇ ವಾಸಿ ಎಂದೆ. ಆದರೆ ಅವನೂ ಜನ್ಮವಿಡೀ ಚೌಕಾಸಿ ಮಾಡಿಕೊಂಡು ಬಂದವನು.

“ನೀವು ಇಷ್ಟು ಹೀನಾಯ ಮಾಡುವುದು ನೋಡಿದರೆ ಇದೇ ಒಳ್ಳೆಯ ಮರ. ನನ್ನನ್ನು ಸುಮ್ಮನೆ ನಡೆಸ್ಬೇಡಿ ಮಾರಾಯ್ರೆ.”

ನಾನು ವಿವರಿಸಿದಷ್ಟೂ ಅವನ ಸಂಶಯ ಬಲಿಯಿತು. ವಾರಿಜ ನೀರು ಕುಡಿದು ಬಾಟಲಿ ಮುಚ್ಚಿ, “ನೀವಿಬ್ಬರು ಇಲ್ಲೇ ರೇಟು ಮಾತಾಡಿಕೊಂಡಿರಿ, ನಾನು ಮರ ನೋಡಿ ಬರ್ತೇನೆ” ಎಂದು ನಡೆದೇಬಿಟ್ಟಳು. ತಂಗಿ ಕಾಡಿನಲ್ಲಿ ಒಬ್ಬಳೇ ಹೋದರೆ ಅಣ್ಣನಿಗೆ ಕೂರಲಾಗುತ್ತದೆಯೇ? ಗೊಣಗುತ್ತಾ ಎದ್ದ.

ತಿರುವು ದಾಟಿದರೆ ಗೋಳಿಮರ. ಆಳೆತ್ತರದ ಬೇರುಗಳು ಗೋಡೆಗಳಂತೆ ಎದ್ದು ನೆಲವನ್ನೆಲ್ಲ ಕೋಣೆ ಕೋಣೆ ಮಾಡಿವೆ. ಯಾವ ಕಾಲದಲ್ಲೋ ಇದು ಅಪ್ಪಿಕೊಂಡು ಬೆಳೆದ ಮೂಲ ಮರ ಒಳಗೇ ಕರಗಿಹೋಗಿ, ಆ ಜಾಗದಲ್ಲಿ ನಾವು ಮೂವರೂ ನಿಲ್ಲುವಷ್ಟು ಟೊಳ್ಳು. ತಲೆಯೆತ್ತಿದರೆ ಬೇರಿನ ಜಾಲರಿಯೊಳಗಿಂದ ಬೆಳಕು ಇಳಿಯುತ್ತದೆ. ಮೇಲೆಲ್ಲೋ ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದು. ಅವು ಉದುರಿಸಿದ ಹಣ್ಣು ನಮ್ಮ ಹೆಗಲ ಮೇಲೆ. ಯಾವ ಮರ ಕಂಡರೂ ಎಷ್ಟು ಹಲಗೆ ಬೀಳಬಹುದೆಂದು ಯೋಚಿಸುವ ನನ್ನ ತಲೆ ಇಲ್ಲಿ ಮಾತ್ರ ಸುಮ್ಮನಾಗುತ್ತದೆ.

ಭಾವ ಒಂದು ಸುತ್ತು ಬಂದ. ಮತ್ತೆ ಬಂದ. ಒಳಗೆ ಟೊಳ್ಳಲ್ವಾ ಎಂದ, ಹೌದು ಎಂದೆ. ಆ ಕೊಂಬೆ ವಾಲಿದೆ ಎಂದ, ಒಪ್ಪಿದೆ. ಇಷ್ಟು ದೂರ ಯಾರು ಬರ್ತಾರೆ ಎಂದ, ತಾನು ಮಾತ್ರ ಅಲ್ಲಿಂದ ಕದಲಲಿಲ್ಲ. ಗಿರಾಕಿ ಕುಂದು ಹುಡುಕಲು ತೊಡಗಿದನೆಂದರೆ ಮಾಲು ಅವನ ಮನಸ್ಸಿಗೆ ಹಿಡಿಸಿತೆಂದೇ ಲೆಕ್ಕ. ಬೇಡದವನು ಹೊಗಳಿ ಹೊರಟುಹೋಗುತ್ತಾನೆ. ನಾನು ಆ ಮರವನ್ನು ನೆಟ್ಟವನಂತೆ ಎದೆಯುಬ್ಬಿಸಿ ನಿಂತೆ. ಆದರೂ ನನಗೆ ಬೇಕಾದ ಮಾತು ಬರಲಿಲ್ಲ.

ಅದು ಬಂದದ್ದು ಹಿರಿಯಡ್ಕದ ಹತ್ತಿರ, ಕಾರಿನಲ್ಲಿ, ಅವನ ದುಬೈಯ ಗೆಳೆಯನ ಫೋನು ಬಂದಾಗ. “ಎಂತ ಹೇಳುವುದು ಮಾರಾಯ, ಅಷ್ಟು ದೊಡ್ಡದು ನೀನು ನೋಡಿರಲಿಕ್ಕಿಲ್ಲ. ಟವರು ಯಾರು ಬೇಕಾದರೂ ಕಟ್ಟಬಹುದು. ನಮ್ಮ ಭಾವ ಅರ್ಧದಲ್ಲೇ ಹಿಂದೆ ಹೋಗುವ ಅಂತ ಕೂತಿದ್ರು. ನಾನೇ ಬಿಡಲಿಲ್ಲ.”

ನಾನು ಬಾಯಿ ತೆರೆದೆ. ಹಿಂದಿನ ಸೀಟಿನಿಂದ ವಾರಿಜ ಮೆಲ್ಲನೆ ನನ್ನ ಹೆಗಲು ತಟ್ಟಿದಳು. ಸರಿ, ಮಾರಿ ಆದ ಮೇಲೆ ಮಾಲು ಗಿರಾಕಿಯದೇ ಎಂದು ಬಾಯಿ ಮುಚ್ಚಿ ಗೇರು ಬದಲಿಸಿದೆ. ನನ್ನ ಜೀವಮಾನದಲ್ಲಿ ಕುದುರಿಸಿದ ಅತಿ ದೊಡ್ಡ ವ್ಯಾಪಾರ ಅದು. ಹೇಳಿಕೊಳ್ಳಲು ಮಾತ್ರ ನೀವಲ್ಲದೆ ಬೇರೆ ಯಾರೂ ಸಿಗಲಿಲ್ಲ.