ದೇವರಿಗಿಂತ ಮೊದಲು ಮೂಸಬಾರದು

ಮನುಷ್ಯನ ಅಂಗಾಂಗಗಳಲ್ಲಿ ಮೂಗಿನಷ್ಟು ಅನಾದರಕ್ಕೆ ಗುರಿಯಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಣ್ಣು ಮಂಜಾದರೆ ಕನ್ನಡಕ ಇದೆ, ಕಿವಿ ಮಂದವಾದರೆ ಮಶೀನು ಇದೆ, ಹಲ್ಲು ಬಿದ್ದರೆ ಲೋಟದ ನೀರಿನಲ್ಲಿ ನೆನೆಹಾಕುವ ಹಲ್ಲಿನ ಸೆಟ್ಟು ಇದೆ. ಮೂಗಿಗೆ ಏನಿದೆ? ಒಂದು ಕರವಸ್ತ್ರ. ನಮ್ಮ ಆದವಾನಿಯಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ, ಸಕ್ಕರೆ ಕಾಯಿಲೆಯ ಶಿಬಿರ ನಡೆಯುತ್ತದೆ. ಮೂಗಿನ ಶಿಬಿರ ನಡೆದದ್ದನ್ನು ನಾನು ಕಂಡಿಲ್ಲ. ಇದನ್ನೆಲ್ಲ ಮದುವೆ ಮುಂಜಿಗಳಲ್ಲಿ ಹೇಳಿ ಪಂಕ್ತಿಯನ್ನು ನಗಿಸುತ್ತಿದ್ದೆ. ಈಗಲೂ ಹೇಳಬಹುದು, ಆದರೆ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. ನನಗೇ ನಗು ಬರುವುದಿಲ್ಲ.

ನನ್ನ ಹೆಂಡತಿ ಸುಶೀಲಾ ಮಂತ್ರಾಲಯದವಳು, ಪೂಜೆ ಮಾಡುವವರ ಮನೆಯ ಮಗಳು. ದೇವರಿಗೆ ಏರಿಸುವ ಹೂವನ್ನು ಮೊದಲು ಮೂಸಬಾರದು, ನೈವೇದ್ಯವಾಗುವ ತನಕ ಅಡಿಗೆಯ ರುಚಿ ನೋಡಬಾರದು, ಬೇಕೆಂದು ಅದರ ವಾಸನೆಯನ್ನೂ ತೆಗೆದುಕೊಳ್ಳಬಾರದು. ಇದು ಆಕೆ ತವರಿನಿಂದ ತಂದ ಶಿಸ್ತು. ಹೂ ಮಾರುವ ಈರಮ್ಮ ಆಲೂರು ಕಡೆಯಿಂದ ಬುಟ್ಟಿ ಹೊತ್ತು ಬಂದು, "ಅಮ್ಮಾರ, ಘಮ್ ಅಂತೈತಿ ನೋಡ್ರಿ" ಎಂದು ಮಲ್ಲಿಗೆಯನ್ನು ಮುಖದ ಹತ್ತಿರ ಹಿಡಿದರೆ ಇವಳು ಹಾವು ಕಂಡವಳಂತೆ ಹಿಂದೆ ಸರಿಯುತ್ತಿದ್ದಳು. ಹೂ ಕಟ್ಟುವಾಗ ಮುಖ ಗೋಡೆಯ ಕಡೆ. ಸಾರಿಗೆ ಉಪ್ಪು ಬರೀ ಕೈ ಅಂದಾಜಿನ ಮೇಲೆ, ಅದು ಎಂದೂ ತಪ್ಪಿದ್ದಿಲ್ಲ. ನಾನು ಮಾತ್ರ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತು ಒಗ್ಗರಣೆಯ ಇಂಗನ್ನು ಆಳವಾಗಿ ಎಳೆದುಕೊಳ್ಳುತ್ತಿದ್ದೆ. ನೀವು ಕೂತಲ್ಲೇ ಮೂಸಿದರೆ ದೇವರಿಗೆ ಉಳಿಯುವುದು ನಿಮ್ಮ ಎಂಜಲು ಎಂದು ಒಳಗಿನಿಂದ ಬೈಸಿಕೊಳ್ಳುತ್ತಿದ್ದೆ.

ಎಣ್ಣೆ ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾಗಿ ತಲೆ ಹಣ್ಣಾದವನಾದ್ದರಿಂದ ನನಗೆ ಮೂಗಿನ ಬಗ್ಗೆ ಸ್ವಲ್ಪ ಜಂಬವಿತ್ತು. ಎಣ್ಣೆ ಕನರಿದ್ದರೆ ಡಬ್ಬಿ ಮನೆಯೊಳಗೆ ಬರುವ ಮುಂಚೆಯೇ ಹೇಳುತ್ತಿದ್ದೆ. ಈ ಮೂಗಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸ ಕೆಲಸ ಬಿದ್ದಿತ್ತು. ಒಲೆಯ ಮೇಲೆ ಹಾಲು ತಳ ಹಿಡಿಯುತ್ತಿತ್ತು, ಬೇಳೆ ಹೊತ್ತುತ್ತಿತ್ತು, ಸುಶೀಲಾ ಪಕ್ಕದಲ್ಲೇ ತರಕಾರಿ ಹೆಚ್ಚುತ್ತ ಕೂತಿರುತ್ತಿದ್ದಳು. ನಾನು ಕೂತಲ್ಲಿಂದಲೇ "ಸೀದು ಹೋತು" ಎಂದು ಕೂಗಬೇಕು, ಆಕೆ ಎದ್ದು ಓಡಬೇಕು. ವಯಸ್ಸಾಯಿತು, ಮರೆವು ಎಂದು ನಾನೂ ಅಂದುಕೊಂಡೆ, ಆಕೆಯೂ ಅಂದುಕೊಂಡಳು. ನಾವು ಹೈದರಾಬಾದಿಗೆ ಹೋದದ್ದು ನನ್ನ ಮೊಣಕಾಲಿಗೆ, ಆಕೆಯ ಯಾವ ಕಾಯಿಲೆಗೂ ಅಲ್ಲ.

ಮೊಣಕಾಲಿನ ಡಾಕ್ಟರು ಫೋಟೋ ತೆಗೆಸಿ, ದಿನಾ ನಡೆಯಿರಿ ಎಂಬ ದುಬಾರಿ ಸಲಹೆ ಕೊಟ್ಟು ಕಳಿಸಿದರು. ರೈಲಿಗೆ ಇನ್ನೂ ಸಂಜೆಯ ತನಕ ಹೊತ್ತಿತ್ತು. ಅಲ್ಲಿಯೇ ಇರುವ ಸುಶೀಲಾಳ ತಮ್ಮ ರಘು, ಸುಗಂಧದ ಮ್ಯೂಸಿಯಂ ಒಂದಿದೆ, ನೋಡೋಣ ಬನ್ನಿ ಎಂದ. ನಾನು ಹಿಂದೆ ಮುಂದೆ ನೋಡಿದ್ದಕ್ಕೆ, "ಭಾವಾ, ಒಳಗ ಎಸಿ ಇರ್ತದ" ಎಂದ. ಬೇಸಿಗೆಯಲ್ಲಿ ಕಲೆಗೆ ಇದಕ್ಕಿಂತ ದೊಡ್ಡ ಪ್ರಚೋದನೆ ಬೇಕಿಲ್ಲ. ಮ್ಯೂಸಿಯಂ ಎಂದರೆ ಕತ್ತಿ, ಫಿರಂಗಿ, ತಲೆಯಿಲ್ಲದ ವಿಗ್ರಹ ಎಂದು ತಿಳಿದಿದ್ದ ನನಗೆ ಅಲ್ಲಿ ಕಂಡದ್ದು ಸಾಲುಸಾಲು ಖಾಲಿ ಸೀಸೆಗಳು. ಒಂದೊಂದರ ಮೇಲೂ ಒಂದೊಂದು ದೀಪ. ನಮ್ಮೂರ ಬಜಾರಿನಲ್ಲಿ ಅತ್ತರಿನ ಸಾಹೇಬರು ಕುರ್ಚಿ ಹಾಕಿ ಕೂಡಿಸಿ, ಮಣಿಕಟ್ಟಿಗೆ ಅತ್ತರು ಸವರಿ, ಮೇಲೆ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಾರೆ. ಇಲ್ಲಿ ಸೀಸೆ ಮುಟ್ಟಬೇಡಿ ಎಂದು ಬರೆದಿತ್ತು.

ಕೊನೆಯ ಕೋಣೆಯಲ್ಲಿ ಮಾತ್ರ ಮೂಸಲು ಪರವಾನಗಿ. ಮುಚ್ಚಳ ಹಾಕಿದ ಜಾಡಿಗಳು ಸಾಲಾಗಿದ್ದವು. ತೋರಿಸಲು ನಿಂತಿದ್ದ ಹುಡುಗಿ ಒಂದರ ಮುಚ್ಚಳ ತೆಗೆದು, "ವಾಸನ ಚೂಡಂಡಿ, ಆಂಟೀ" ಎಂದು ಮೂಸಿ ನೋಡಲು ಕರೆದಳು. ಸುಶೀಲಾ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದಳು. ಹೂವಿನದಾ ಎಂದು ಕೇಳಿದಳು. ಹೌದು, ಮಲ್ಲಿಗೆಯದು ಎಂದಳು ಹುಡುಗಿ. ಹಾಗಾದರೆ ಇನ್ನೂ ದೇವರಿಗೆ ಏರಿಸಿಲ್ಲವಲ್ಲ ಎಂದು ಇವಳು ತೆಲುಗಿನಲ್ಲಿ ತಿಳಿಸಿ ಹೇಳಿದಳು. ಆ ಮ್ಯೂಸಿಯಮ್ಮಿನಲ್ಲಿ ಈ ತಕರಾರು ಅದೇ ಮೊದಲಿರಬೇಕು, ಹುಡುಗಿ ನನ್ನ ಮುಖ ನೋಡಿದಳು. ನಾನು ಜಾಡಿಗಳ ಕಡೆ ನೋಡಿದೆ. ಕೊನೆಗೆ ರಘುವೇ ದಾರಿ ಹುಡುಕಿದ. ಸುಶೀಲಾ ಕಣ್ಣು ಮುಚ್ಚಿ, ಇಡೀ ಕೋಣೆಯನ್ನು ಕೃಷ್ಣಾರ್ಪಣ ಮಾಡಿ, ಒಪ್ಪಿಸಿದ ಮೇಲೆ ದೋಷವಿಲ್ಲ ಎಂದು ಜಾಡಿಗೆ ಬಾಗಿದಳು.

"ಏನೂ ಬರವಲ್ದಲ್ರೀ" ಎಂದಳು.

"ಪೂರಾ ದೇವರೇ ತಗೊಂಡಾನ, ಬಿಡು" ಎಂದೆ. ರಘು ನಕ್ಕ, ಆಕೆಯೂ ನಕ್ಕಳು. ಗುಲಾಬಿ, ಶ್ರೀಗಂಧ, ಲಾವಂಚ, ಎಲ್ಲವನ್ನೂ ದೇವರೇ ತೆಗೆದುಕೊಂಡಿದ್ದ. ಮೂಲೆಯಲ್ಲಿ ಒಂದು ಜಾಡಿ ಬೇರೆಯಾಗಿತ್ತು. ಅತ್ತರಿಗೆ ಒಂದು ಹನಿ ಬೆರೆಸುವ, ಯಾವುದೋ ಪ್ರಾಣಿಯಿಂದ ತೆಗೆದ ದ್ರವ್ಯವಂತೆ, ದೂರದಿಂದ ಮೂಸಿ ಎಂದಳು ಹುಡುಗಿ. ರಘು ಮೂಸಿ ಛೀ ಎಂದು ಹಾರಿದ. ನನಗೆ ಕಣ್ಣಲ್ಲಿ ನೀರು ಬಂತು. ಸುಶೀಲಾ ಜಾಡಿಯ ಬಾಯಿಗೇ ಮೂಗು ಹಚ್ಚಿ, ಯಾರೋ ಬರುವವರಿದ್ದಾರೆ ಎಂದು ಬಾಗಿಲಲ್ಲಿ ನಿಂತವಳಂತೆ, ತಾಳ್ಮೆಯಿಂದ ಕಾದಳು. ಆಗ ಯಾರೂ ನಗಲಿಲ್ಲ. ಹುಡುಗಿ ಮುಚ್ಚಳ ಹಾಕಿ, ಎಷ್ಟು ದಿನದಿಂದ ಹೀಗೆ ಎಂದು ಮೆಲ್ಲಗೆ ಕೇಳಿದಳು.

ಆ ಸಂಜೆಯ ರೈಲು ಬಿಟ್ಟು ರಘುವಿನ ಮನೆಯಲ್ಲೇ ಉಳಿದೆವು. ಮರುದಿನ ಅದನ್ನೇ ಮೂಗಿನ ಡಾಕ್ಟರು ಕೇಳಿದರು, ಆಮೇಲೆ ತಲೆಯ ಡಾಕ್ಟರು ಕೇಳಿದರು. ಎಂದಿನಿಂದ ಎಂಬುದು ನಮಗೇ ತಿಳಿದಿರಲಿಲ್ಲ. ಅಡಿಗೆ ಮಾಡುವಾಗ ಗೊತ್ತಾಗಲಿಲ್ಲವೇ ಎಂದರು. ನೈವೇದ್ಯಕ್ಕೆ ಮೊದಲು ಮೂಸುವುದಿಲ್ಲ ಎಂದು ಸುಶೀಲಾ ಹೇಳಿದಳು. ಹೂವಿನದು? ಅದನ್ನೂ ಮೂಸುವುದಿಲ್ಲ. ಅವರು ತಲೆಯ ಸ್ಕ್ಯಾನಿಗೆ ಬರೆದುಕೊಟ್ಟರು. ಹಣೆಯ ಹಿಂದೆ, ಮೂಗಿನ ಮೇಲ್ಭಾಗದಲ್ಲಿ, ನಿಂಬೆಹಣ್ಣಿನಷ್ಟು ಗಡ್ಡೆ. ಕೆಟ್ಟ ಜಾತಿಯದಲ್ಲ, ಆದರೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ವಾಸನೆಯ ನರವನ್ನು ತಿಂದು ಮುಗಿಸಿ, ಈಗ ಕಣ್ಣಿನ ನರಕ್ಕೆ ಕೈಹಾಕಿತ್ತು. ಇಂಥದರ ಮೊದಲ ಸುಳಿವು ಮೂಗೇ ಕೊಡುವುದಂತೆ. ನಮ್ಮ ಮನೆಯಲ್ಲಿ ಆ ಸುಳಿವನ್ನು ಮಡಿಯಲ್ಲಿ ಮುಚ್ಚಿಟ್ಟಿದ್ದೆವು.

ಆಪರೇಷನ್ ಆಗುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಫಿನೈಲು, ಸ್ಪಿರಿಟ್ಟು, ಯಾರದೋ ಟಿಫನ್ ಡಬ್ಬಿಯ ಪುಳಿಯೋಗರೆ, ಎಲ್ಲವೂ ನನ್ನ ಮೂಗಿಗೆ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಅಷ್ಟು ಚುರುಕಾಗಿದ್ದ ನನ್ನ ಮೂಗಿನ ಮೇಲೆ ನನಗೇ ಅಸಹ್ಯ ಹುಟ್ಟಿತು. ಆಕೆ ಇಲ್ಲದ ಮನೆಯ ಬೀಗ ತೆಗೆದು ಒಳಗೆ ಹೋಗುವ ನನ್ನನ್ನೇ ಕಲ್ಪಿಸಿಕೊಂಡು ಬಹಳ ಹೆದರಿದ್ದೆ.

ಆಕೆ ಉಳಿದಳು. ಎಡಗಣ್ಣು ಅರ್ಧ ಉಳಿಯಿತು. ವಾಸನೆ ಇನ್ನು ಬರುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಕಳಿಸಿದರು. ಊರಿಗೆ ಬಂದು, ತಲೆಗೆ ಸೆರಗು ಹೊದ್ದು, ಮತ್ತೆ ಹೂ ಕಟ್ಟಲು ಕೂತ ಮೊದಲ ದಿನ ಆಕೆ ಒಂದು ಹಿಡಿ ಮಲ್ಲಿಗೆಯನ್ನು ಎತ್ತಿ, ಮೂಗಿಗೆ ಒತ್ತಿ, ಎದೆ ತುಂಬ ಉಸಿರು ಎಳೆದಳು. ನಾನು ಪೇಪರು ಕೆಳಗಿಟ್ಟೆ.

"ವಾಸನಿ ಬರಲಿಲ್ಲಂದ್ರ ಮೂಸಿದಂಗ ಆಗೂದಿಲ್ಲ. ದೇವರಿಗೂ ಗೊತ್ತದ" ಎಂದಳು.

ಈಗ ಪೂಜೆ ಮುಗಿದ ಮೇಲೆ ದಿನವೂ ದೇವರ ಮೇಲಿನ ಹೂವೊಂದನ್ನು ತಂದು ನನ್ನ ಕೈಗೆ ಕೊಡುತ್ತಾಳೆ. ಮೂಸಿ, ಹೇಗಿದೆ ಹೇಳಿ ಎನ್ನುತ್ತಾಳೆ. ಚಲೋ ಇದೆ ಎನ್ನುತ್ತೇನೆ. ಚಲೋ ಅಂದರೆ ಹೇಗೆ ಎನ್ನುತ್ತಾಳೆ. ಮಲ್ಲಿಗೆ ಇದ್ದ ಹಾಗೆ ಇದೆ ಎನ್ನುತ್ತೇನೆ. ಮಂತ್ರಾಲಯದ ತವರುಮನೆಯ ಹಿತ್ತಲಿನದರ ಹಾಗಿದೆಯೇ, ಬಾಡಿದ್ದರ ಹಾಗಿದೆಯೇ ಎಂದು ಕೆದಕುತ್ತಾಳೆ. ಜನ್ಮವಿಡೀ ಈ ಮೂಗನ್ನು ಹೊಗಳಿಕೊಂಡು ತಿರುಗಿದ ನನಗೆ ಒಂದು ಮಾತು ಸಿಗುವುದಿಲ್ಲ. ಆಕೆ ಅಂದು ಜಾಡಿಯ ಮುಂದೆ ನಿಂತಂತೆ ನನ್ನ ಮುಂದೆ ಕೂತು ಕಾಯುತ್ತಾಳೆ.

ನಿನ್ನೆ ಬೆಳಿಗ್ಗೆಯಿಂದ ಯೋಚಿಸಿ ಒಂದು ಒಳ್ಳೆಯ ಮಾತು ಹೊಂದಿಸಿಕೊಂಡಿದ್ದೆ. ಹೂ ಕೈಗೆ ಬಂತು, ಮೂಸಿದೆ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಹಾಲಿನ ವಾಸನೆ ಬಂತು.

"ಸೀದು ಹೋತು" ಎಂದೆ.

"ಅದೊಂದ ಬರ್ತದ ನಿಮಗ" ಎಂದು ಆಕೆ ಕೂತಲ್ಲೇ ಕೂತಳು. ಮೊಣಕಾಲು ಹಿಡಿದುಕೊಂಡು ನಾನೇ ಎದ್ದು ಓಡಿದೆ.