ಎರಡು ಮೀಟರ್ ಪೈಪು ಮತ್ತು ಮಾವನ ಪಟಕಾ

ಆ ಭಾನುವಾರ ಬೆಳಿಗ್ಗೆ ಇಂಡಿ ಊರಿನ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು. ನಿಂಬೆತೋಟದ ಯಜಮಾನ ಗುರುಸಿದ್ದಪ್ಪ ಮಾವ, ನನ್ನ ಹೆಂಡತಿ ಸುವರ್ಣಾ, ಮತ್ತು ತೋಟಕ್ಕೆ ಔಷಧ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಬಾಯಲ್ಲಿ ರಬ್ಬರು ಕಚ್ಚಿಕೊಂಡು ನಿಂತಿದ್ದ ನಾನು. ಸಿಂದಗಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ನೆಟ್ಟಗೆ ನಿಲ್ಲಲು ಹೇಳುವ ಮಾಸ್ತರನೊಬ್ಬ ಐವತ್ತರ ಹತ್ತಿರ ಬಂದು ಹೀಗೇಕೆ ನಿಂತ ಎಂದು ನೀವು ಕೇಳಬಹುದು. ಕೇಳಿ. ಅಂದು ಬಾಗಿಲಲ್ಲಿ ಹಾದುಹೋದವರೆಲ್ಲ ಕೇಳಿದ್ದಾರೆ.

ನಮ್ಮ ಕಡೆ ಆಳದ ನೀರು ಅಂದರೆ ಬಾವಿ. ನನಗೆ ಈಜು ಕಲಿಸಿದ್ದೂ ಈ ಮಾವನೇ. ಸೊಂಟಕ್ಕೆ ಹಗ್ಗ ಕಟ್ಟಿ, "ಹಗ್ಗದ ತುದಿ ನನ್ನ ಕೈಯಾಗ ಐತಿ, ಸಾಯೂದಿಲ್ಲ ಬಿಡು" ಎಂದು ದಬ್ಬಿಬಿಟ್ಟಿದ್ದ. ಆ ಧೈರ್ಯದಲ್ಲೇ ಹೋದ ವರ್ಷ ನಾನೂ ಸುವರ್ಣಾಳೂ ಕರಾವಳಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು ಸಮುದ್ರದೊಳಗೆ ಇಳಿಯುವ ಮೊದಲ ಪಾಠ ಮುಗಿಸಿ ಬಂದಿದ್ದೆವು. ಹೊರಡುವಾಗ ಅಲ್ಲಿನ ಗುರು ಒಂದು ಮಾತು ಹೇಳಿದ: "ಮುಂದಿನ ಸಲ ಉದ್ದ ಪೈಪು ಹಾಕಿಕೊಂಡು ಬನ್ನಿ. ಅದನ್ನು ಮೈಮೇಲೆ ಜೋಡಿಸಿಕೊಳ್ಳುವುದನ್ನು ಮನೆಯಲ್ಲೇ ನೂರು ಸಲ ಮಾಡಿ ನೋಡಿ."

ಉದ್ದ ಪೈಪಿನ ವ್ಯವಹಾರ ಇಷ್ಟೇ. ಸಿಲಿಂಡರಿನ ತಲೆಯಿಂದ, ತುದಿಯಲ್ಲಿ ಬಾಯಿಗೆ ಕಚ್ಚುವ ರಬ್ಬರಿರುವ ಎರಡು ಪೈಪು ಹೊರಡುತ್ತವೆ. ಗಿಡ್ಡದ್ದು ಗದ್ದದ ಕೆಳಗೆ, ಕೊರಳಿಗೆ ಕಟ್ಟಿದ ರಬ್ಬರು ದಾರದಲ್ಲಿ ತೂಗುತ್ತಿರುತ್ತದೆ. ಎರಡು ಮೀಟರಿನದು ಬಲಗಡೆಯಿಂದ ಕೆಳಗಿಳಿದು, ಸೊಂಟದ ಹತ್ತಿರ ತಿರುಗಿ, ಎದೆಯ ಮೇಲೆ ಓರೆಯಾಗಿ ಎಡಭುಜಕ್ಕೇರಿ, ಕತ್ತಿನ ಹಿಂದಿನಿಂದ ಬಳಸಿ ಬಾಯಿಗೆ ಬರುತ್ತದೆ. ಜೊತೆಗಾರರಿಗೆ ಗಾಳಿ ಮುಗಿದರೆ ಕೊಡಬೇಕಾದ್ದು ತೂಗುವುದನ್ನಲ್ಲ, ನಮ್ಮ ಬಾಯಲ್ಲಿರುವುದನ್ನು. ಅದರಲ್ಲಿ ಗಾಳಿ ಬರುತ್ತಿದೆ ಎಂಬುದಂತೂ ಖಾತ್ರಿಯಲ್ಲವೆ? ಕೊಟ್ಟ ಮೇಲೆ ಗಿಡ್ಡದ್ದನ್ನು ನಾವು ಕಚ್ಚಿಕೊಳ್ಳುವುದು.

ಇದನ್ನು ಕೇಳಿದಾಗಲೇ ಸುವರ್ಣಾ ನಕ್ಕಿದ್ದಳು. "ಇಪ್ಪತ್ತೆರಡು ವರ್ಷದಾಗ ತಾವು ಓದಿ ಮುಗಿಸೂಮಟ ನನಗ ಪೇಪರ್ ಕೊಟ್ಟಾವ್ರಲ್ಲ. ಬಾಯಾಗಿನ ಉಸಿರು ತಗದು ಕೊಡ್ತೀರೇನು? ನೋಡ್ರಿ, ಒಂದ ಎಳೆತಕ್ಕ ಪೈಪು ನನ್ನ ಕೈಗೆ ಬರಬೇಕು. ಇಲ್ಲಾಂದ್ರ ದಸರಾಕ್ಕ ಸಾಲಿ ಸೂಟಿ ಬಿಟ್ಟಾಗ ನೀವೊಬ್ಬರ ಸಮುದ್ರಕ್ಕ ಹೋಗ್ರಿ."

ಒಬ್ಬನೇ ಇಳಿಯಲು ಗುರು ಬಿಡುವುದಿಲ್ಲ. ಬಿಟ್ಟರೂ, ಮೀನು ಕಂಡಾಗ ಮೊಣಕೈಯಿಂದ ತಿವಿದು ತೋರಿಸಲು ಇವಳಿಲ್ಲದಿದ್ದರೆ ಮೀನು ಕಂಡು ಪ್ರಯೋಜನವೇನು? ಹೀಗಾಗಿ ಪೈಪುಗಳನ್ನು ತರಿಸಿದೆ. ಸಿಲಿಂಡರು ನಮ್ಮಲ್ಲೆಲ್ಲಿ ಸಿಗಬೇಕು? ಮಾವನ ಮನೆಯ ಪಂಪಿಗೆ ಭುಜದ ಪಟ್ಟಿಯೂ ಇತ್ತು, ಎತ್ತರವೂ ಸರಿಯಿತ್ತು. ಸುತಳಿ ದಾರದಿಂದ ಪೈಪುಗಳನ್ನು ಅದರ ಕುತ್ತಿಗೆಗೆ ಕಟ್ಟಿದೆವು.

ಮಾವ ಮೂರು ಸುತ್ತು ಬಂದು ನೋಡಿದ. "ಸಮುದ್ರಕ್ಕ ಏನ್ ರೋಗ ಬಿದ್ದೈತೋ, ಔಷಧ ಹೊಡ್ಯಾಕ ಹೊಂಟೀ?"

ವಿವರಿಸಿದೆ. ಮಾವ ಪೈಪನ್ನು ಕೈಯಲ್ಲಿ ಹಿಡಿದು ತೂಗಿದ. ಮನಗೂಳಿಯಿಂದ ಯಂಕಂಚಿಯವರೆಗೆ ನಮ್ಮ ಬೀಗರ ಪೈಕಿ ಯಾರ ಮದುವೆಯಾದರೂ ಮದುಮಗನ ತಲೆಗೆ ಪಟಕಾ ಸುತ್ತುವವನು ಈತನೇ. ಅವನು ಸುತ್ತಿದ ಪಟಕಾ ಊಟ, ಮೆರವಣಿಗೆ, ಗೆಳೆಯರ ಎಳೆದಾಟ ಎಲ್ಲ ಮುಗಿದರೂ ಜಗ್ಗುವುದಿಲ್ಲ. "ಇಷ್ಟಽ ಏನು? ಸರಿ ಅತ್ತಾಗ" ಎಂದು, ಸುವರ್ಣಾ ಬಾಯಿ ತೆರೆಯುವಷ್ಟರಲ್ಲಿ ಪೈಪನ್ನು ಭುಜಪಟ್ಟಿಯ ಅಡಿ ತೂರಿಸಿ, ಕತ್ತಿಗೊಂದು ಬಿಗಿ ಸುತ್ತು ಹಾಕಿ, ಉಳಿದದ್ದನ್ನು ಸೊಂಟದಲ್ಲಿ ಒತ್ತಿ ಸಿಕ್ಕಿಸಿ, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ನಿಜ ಹೇಳುತ್ತೇನೆ, ಕನ್ನಡಿಯಲ್ಲಿ ನಾನು ಚೆನ್ನಾಗಿಯೇ ಕಾಣುತ್ತಿದ್ದೆ.

ಸುವರ್ಣಾ ಎದುರಿಗೆ ನಿಂತು, ಅಂಗೈಯನ್ನು ಕತ್ತಿಗೆ ಅಡ್ಡ ಎಳೆದಳು. 'ಗಾಳಿ ಮುಗಿಯಿತು' ಎನ್ನುವುದಕ್ಕೆ ನೀರೊಳಗೆ ಅದೇ ಸನ್ನೆ.

ಮಾವ ಹೌಹಾರಿದ. "ಯಾಕವ್ವಾ, ಕುತ್ತಿಗಿ ಕೊಯ್ತೀಯೇನು? ಅಂಥಾದ್ದೇನ್ ಮಾಡ್ಯಾನ ಅಂವ?"

ನಾನು ಬಾಯಿಂದ ತೆಗೆದು ಎಳೆದೆ. ಪೈಪು ಒಂದು ಗೇಣು ಬಂದು ನಿಂತಿತು. ಇನ್ನಷ್ಟು ಎಳೆದೆ. ಬಿಗಿದದ್ದು ನನ್ನ ಕುತ್ತಿಗೆ. ಕಣ್ಣು ಮೇಲೆ ಹೋದವು.

"ನೋಡು!" ಮಾವ ತೊಡೆ ತಟ್ಟಿದ. "ಎಷ್ಟ್ ಜಗ್ಗಿದ್ರೂ ಬಿಚ್ಚಲಿಲ್ಲ!"

"ಮಾವಾರ, ನಾ ಸತ್ತು ಐದು ನಿಮಿಷ ಆತು" ಎಂದಳು ಸುವರ್ಣಾ.

ಬಿಚ್ಚಲೆಂದೇ ಸುತ್ತುವ ವಸ್ತುವೊಂದು ಇರುತ್ತದೆ ಎಂಬುದು ಮಾವನಿಗೆ ಹಿಡಿಸಲೇ ಇಲ್ಲ. ಅದಕ್ಕಿಂತ ಹಿಡಿಸದ್ದು ಇನ್ನೊಂದು: "ಅಲ್ಲೋ, ಬಾಯಾಗಿಂದ ತಗದ ಎಂಜಲ ಕೊಡ್ತೀಯಾ? ಕೊರಳಾಗಿಂದ ಕೊಡಬಾರ್ದೇನು? ಮನಿತನದ ಮಂದಿ ನಾವು!" ಸುವರ್ಣಾ ಪಂಪನ್ನು ನನ್ನ ಬೆನ್ನಿನಿಂದ ಇಳಿಸಿ ತಾನೇ ಹೊತ್ತಳು. ಪೈಪನ್ನು ಎಲ್ಲ ಪಟ್ಟಿಗಳ ಮೇಲಿನಿಂದ ತಂದು, ಸೊಂಟದಲ್ಲಿ ಸೆರಗಿನ ಹಾಗೆ ಸ್ವಲ್ಪವೇ ಸಿಕ್ಕಿಸಿ, ಎದೆಯ ಮೇಲಿನಿಂದ ಎಡಭುಜಕ್ಕೆ ಹಾಯಿಸಿ, ಕತ್ತಿನ ಹಿಂದೆ ಸಡಿಲಾಗಿ ಬಿಟ್ಟಳು. ನಾನು ಕುತ್ತಿಗೆ ಸನ್ನೆ ಮಾಡಿದೆ. ತಲೆ ಒಂದಿಷ್ಟು ಬಗ್ಗಿಸಿದಳು, ಕೈ ಚಾಚಿದಳು. ಪೈಪು ನನ್ನ ಕೈಯಲ್ಲಿತ್ತು.

ಆಮೇಲೆ ಪಂಪನ್ನು ಸಿಂದಗಿಗೆ ಒಯ್ದು ನಾನೂ ಸಂಜೆ ಸಂಜೆ ಹಾಗೆಯೇ ಅಭ್ಯಾಸ ಮಾಡಿ, ಹತ್ತಕ್ಕೆ ಒಂಬತ್ತು ಸಲ ಪಾಸಾದೆ. ತಪ್ಪಿದ ಒಂದು ಸಲದ ಬಗ್ಗೆ ಸುವರ್ಣಾ, "ಆ ಒಂದರಾಗ ನಾ ಸತ್ತೆ, ಅಡ್ಡಿಯಿಲ್ಲ" ಎಂದು ದಸರೆಯ ಪ್ರಯಾಣಕ್ಕೆ ಚೀಲಕ್ಕೆ ಬಟ್ಟೆ ತುಂಬಿದಳು.

ಸಮುದ್ರದಲ್ಲಿ ನಾನು ಬಹಳ ಉದಾರ ಮನಸ್ಸಿನಲ್ಲಿದ್ದೆ. ಇವಳಿಗೆ ಯಾವಾಗ ಗಾಳಿ ಮುಗಿದೀತು, ಯಾವಾಗ ಕೊಟ್ಟೇನು ಎಂದು ಐದು ನಿಮಿಷಕ್ಕೊಮ್ಮೆ ಅವಳ ಮುಖ ನೋಡುತ್ತಿದ್ದೆ. ಆ ಕಾತರದಲ್ಲಿ ಬುಸುಬುಸು ಉಸಿರಾಡಿ ನನ್ನದೇ ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ತಳಕ್ಕೆ ಹೋದದ್ದನ್ನು ನೋಡಲಿಲ್ಲ. ಒಮ್ಮೆ ಎಳೆದರೆ ಅರ್ಧ ಉಸಿರು ಬಂತು. ಇನ್ನೊಮ್ಮೆ ಎಳೆದರೆ ಅದೂ ಇಲ್ಲ. ಅಂಗೈ ತಾನಾಗಿಯೇ ಕತ್ತಿಗೆ ಹೋಯಿತು.

ಸುವರ್ಣಾ ಬಾಯಲ್ಲಿದ್ದದ್ದನ್ನು ತೆಗೆದು ಕೊಟ್ಟಳು. ಒಂದೇ ಎಳೆತ. ಗುರು ಪಕ್ಕಕ್ಕೆ ಬಂದ. ನಡುವೆ ಎರಡು ಮೀಟರ್ ಪೈಪು ಇಟ್ಟುಕೊಂಡು, ಅವಳು ನನ್ನ ಭುಜ ಹಿಡಿದು, ನಾವು ಮೆಲ್ಲಗೆ ಮೇಲೆ ಬಂದೆವು.

ಊರಿಗೆ ಬಂದ ಮೇಲೆ ಮಾವ ಫೋನಿನಲ್ಲಿ ಕೇಳಿದ: "ಏನಾತೋ? ಕೊಡೂ ಪ್ರಸಂಗ ಬಂತೇನು?" ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಾಗ ಸುವರ್ಣಾ ಫೋನು ತೆಗೆದುಕೊಂಡು, "ಬಂತ್ರಿ ಮಾವಾರ. ಒಂದ ಎಳೆತಕ್ಕ ಬಂತು" ಎಂದಳು. ಯಾರು ಯಾರಿಗೆ ಎಂದು ಅವಳು ಹೇಳಲಿಲ್ಲ. ಮಾವನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಪೇಪರ್ ಬಂದಾಗ, ಮಡಿಕೆ ಬಿಚ್ಚದೆ ಅಡಿಗೆಮನೆಗೆ ಒಯ್ದು ಅವಳ ಮುಂದೆ ಹಿಡಿದೆ. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಪೇಪರ್ ತೆಗೆದುಕೊಂಡು, ನಡುವಿನ ಒಂದು ಹಾಳೆ ಎಳೆದು ನನಗೆ ಕೊಟ್ಟಳು.