ಬಂದರಿನ ಹೋಟೆಲಿನ ಪೀಕದಾನಿ

ಚನ್ನಗಿರಿಯ ಅಡಿಕೆಯನ್ನು ಬೊಂಬಾಯಿಯ ದೊಡ್ಡ ಮಂದಿಗೆ ತಿನ್ನಿಸಲು ನನ್ನಷ್ಟು ಯೋಗ್ಯ ವ್ಯಾಪಾರಿ ತಾಲ್ಲೂಕಿನಲ್ಲೇ ಇಲ್ಲವೆಂದು ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೃಢವಾಗಿ ನಂಬಿದ್ದೆ. ಅಲ್ಲಿ ಬಂದರಿಗೆ ಎದುರಾಗಿ ಬಿಳಿಯರ ಕಾಲದ ಭರ್ಜರಿ ಹೋಟೆಲೊಂದಿತ್ತು. ಊಟವಾದ ಮೇಲೆ ಕೊಡಲು ಅವರಿಗೆ ವರ್ಷವಿಡೀ ಅಡಿಕೆ ಬೇಕಂತೆ. ಆ ಆರ್ಡರು ಸಿಕ್ಕರೆ ನನ್ನ ಪುಟ್ಟ ಅಡಿಕೆ ಮಂಡಿ ಉಳಿಯುತ್ತಿತ್ತು. ಸಿಗದಿದ್ದರೆ ಹೊನ್ನಾಳಿಯಲ್ಲಿ ಮಾವನ ಬಟ್ಟೆ ಅಂಗಡಿಯೇ ಗತಿ!

ತನ್ನ ಮಾಲನ್ನು ತಾನೇ ಜಗಿಯದ ವ್ಯಾಪಾರಿಯನ್ನು ನಮ್ಮ ಕಡೆ ಯಾರು ನಂಬುತ್ತಾರೆ? ಹೋಟೆಲಿನ ಮೆಟ್ಟಿಲ ಮೇಲೆ ನಿಂತು ದವಡೆ ತುಂಬ ಎಲೆ-ಅಡಿಕೆ ತುರುಕಿಕೊಂಡೇ ಒಳಗೆ ಹೋದೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಉಗುಳಲು ಒಂದು ಮೂಲೆಯೂ ಇಲ್ಲ!

ಮ್ಯಾನೇಜರು ಮಂಗಳೂರು ಕಡೆಯವರು. ಕನ್ನಡಿಗ ಬಂದನೆಂಬ ಖುಷಿಗೆ, ಹೋಟೆಲಿನ ಚರಿತ್ರೆ ಹೇಳಲೇ ಎಂದು ಕೇಳಿದರು. ಬಾಯಿ ತೆರೆಯುವಂತಿಲ್ಲ. ತಲೆಯಾಡಿಸಿದೆ. ಹಡಗಿನಿಂದ ದೊರೆಗಳು ಇಳಿದದ್ದು, ನಮ್ಮವರನ್ನು ಹಿಂಬಾಗಿಲಲ್ಲೇ ನಿಲ್ಲಿಸುತ್ತಿದ್ದದ್ದು, ಎಲ್ಲವನ್ನೂ ಬಹಳ ಹೆಮ್ಮೆಯಿಂದ ಹೇಳಿದರು. ದೊರೆಸಾನಿಯರು ಕುಣಿದ ಹಜಾರ ನೋಡುತ್ತೀರಾ ಎಂದರು. ತಲೆಯಾಡಿಸಿದೆ. ಅಡಿಕೆಯ ದರವೇನು ಎಂದರು. ಅದಕ್ಕೂ ತಲೆಯಾಡಿಸಿದೆ! ವಿಚಿತ್ರ ಮನುಷ್ಯನೆಂಬಂತೆ ನೋಡಿ, ಮೂರನೇ ಮಹಡಿಗೆ ಹತ್ತಿಸಿದರು. ಅಷ್ಟರಲ್ಲಿ ರಸ ತುಟಿಯಂಚಿಗೆ ಬಂದಿತ್ತು.

ಅಲ್ಲಿ ಗಾಜಿನ ಮೇಜಿನ ಮೇಲೊಂದು ಹಿತ್ತಾಳೆಯ ಪಾತ್ರೆ. ಇದು ಗವರ್ನರ್ ಸಾಹೇಬರ ಪೀಕದಾನಿ ಎಂದರು ಮ್ಯಾನೇಜರು. ಅಬ್ಬಾ, ದೇವರು ದೊಡ್ಡವನು! ಪೀಕದಾನಿ ಎಂದ ಮೇಲೆ ಉಗುಳದಿದ್ದರೆ ಪಾತ್ರೆಗೇ ಅವಮಾನವಲ್ಲವೇ?

ಉಗುಳಿದೆ.

"ಎಂತದು ಮಾರಾಯ್ರೇ! ಅದು ಚರಿತ್ರೆ. ನೋಡ್ಲಿಕ್ಕೆ ಇಟ್ಟದ್ದು, ಉಗುಳ್ಲಿಕ್ಕಲ್ಲ."

ಬಿಳಿಯ ಉಗುಳಿದರೆ ಚರಿತ್ರೆ, ಚನ್ನಗಿರಿಯವನು ಉಗುಳಿದರೆ ಹೊಲಸು! ಇದನ್ನು ಮುಖಕ್ಕೆ ಹೊಡೆದಂತೆ ಹೇಳಬೇಕೆಂದುಕೊಂಡೆ. ಬಾಯೂ ಖಾಲಿಯಾಗಿತ್ತು. ಆದರೆ ಮಾತು ಹೊಳೆಯುವಷ್ಟರಲ್ಲಿ ನಾನು ರಸ್ತೆಯಲ್ಲಿದ್ದೆ.

ತಿಂಗಳೊಳಗೆ ಆರ್ಡರು ನಲ್ಲೂರಿನ ವ್ಯಾಪಾರಿ ರುದ್ರಪ್ಪನ ಪಾಲಾಯಿತು. ಜನ್ಮದಲ್ಲಿ ಅಡಿಕೆ ಬಾಯಿಗೆ ಹಾಕದವನಿಗೆ ಅಡಿಕೆಯ ಬಗ್ಗೆ ಏನು ಗೊತ್ತು ಎಂದು ಹೆಂಡತಿ ಗಿರಿಜೆಯ ಮುಂದೆ ಕೂಗಾಡಿದೆ.

"ಅಡಿಕೆ ಗೊತ್ತಿಲ್ಲ ಬಿಡ್ರಿ," ಎಂದಳು ಅವಳು. "ಮಾತಾಡಾಕೆ ಗೊತ್ತೈತೆ."

ಮಂಡಿಗೆ ಬೀಗ ಬಿತ್ತು. ಮಾವನವರು ಅಂಗಡಿಯಲ್ಲಿ ನನ್ನನ್ನು ಗಿರಾಕಿಗಳ ಹತ್ತಿರ ಕೂರಿಸಲಿಲ್ಲ. ಒಳಕೋಣೆಯಲ್ಲಿ ಸೀರೆ ಮಡಚುವ ಕೆಲಸ ಕೊಟ್ಟರು. ಅದಕ್ಕೆ ಬಾಯಿ ಬೇಕಾಗುವುದಿಲ್ಲವಂತೆ!